ಸೀರೆ ಬೀರುವಿಗೆ ದವನ, ನೀರಿನ ಮಡಕೆಗೆ ಲಾವಂಚ

ಮಗಳು ಬಾಣಂತನಕ್ಕೆ ಚಿಕ್ಕಬಳ್ಳಾಪುರದ ನಮ್ಮ ಮನೆಗೇ ಬರುತ್ತಾಳೆ ಅಂತ ಗೊತ್ತಾದ ಮೇಲೆ ನಾನು ಮೊದಲು ಮಾಡಿದ ಕೆಲಸ, ಬೀರುವಿನ ಮೂಲೆ ಮೂಲೆಯಲ್ಲಿದ್ದ ನುಸಿಗುಳಿಗೆಗಳನ್ನು ಆರಿಸಿ ತೆಗೆದದ್ದು. ಮಗಳನ್ನು ನೋಡುವ ಡಾಕ್ಟರಮ್ಮನೇ ಹಾಗೆ ಹೇಳಿದ್ದರು. ಕೆಲವು ಮಕ್ಕಳಿಗೆ ಹುಟ್ಟಿನಿಂದಲೇ ರಕ್ತದಲ್ಲಿ ಜಿ6ಪಿಡಿ ಅನ್ನುವ ಕಿಣ್ವ ಕಡಿಮೆ ಇರುತ್ತದಂತೆ. ಅಂಥ ಮಗುವಿಗೆ ಈ ಗುಳಿಗೆಯ ನಾಫ್ತಲಿನ್ ವಾಸನೆ ಹಿಡಿದ ಬಟ್ಟೆ ಹೊದಿಸಿದರೆ ರಕ್ತದ ಕೆಂಪು ಕಣಗಳು ಒಡೆದು ಕಾಮಾಲೆ ಜೋರಾಗಬಹುದು. ಯಾವ ಮಗುವಿಗೆ ಆ ತೊಂದರೆ ಇದೆ ಅಂತ ಹುಟ್ಟುವ ಮೊದಲೇ ಯಾರಿಗೆ ಗೊತ್ತಿರುತ್ತದೆ? ಗುಳಿಗೆಯೇ ಬೇಡ ಅಂತ ತೀರ್ಮಾನ ಮಾಡಿದೆ.

ಆದರೆ ಬೀರುವಿನಲ್ಲಿ ಅಮ್ಮನ ಕಾಲದ ರೇಷ್ಮೆ ಸೀರೆಗಳಿವೆ. ಅವನ್ನು ಸುಮ್ನೆ ಬಿಡುವ ಹಾಗಿಲ್ಲ. ರೇಷ್ಮೆ ಅಂದರೆ ಬಟ್ಟೆ ತಿನ್ನುವ ಹುಳಕ್ಕೆ ಊಟ. ಗಂಜಿ ಹಾಕಿದ ಹತ್ತಿ ಬಟ್ಟೆಯೂ ಅಷ್ಟೇ. ಅಮ್ಮ ಏನು ಮಾಡುತ್ತಿದ್ದರು ಅಂತ ಯೋಚಿಸಿದೆ. ಅವರ ಟ್ರಂಕು ತೆಗೆದರೆ ದವನದ ವಾಸನೆ ಬರುತ್ತಿತ್ತು. ಆ ದವನವನ್ನು ಯಾವಾಗ ಕೊಯ್ಯುತ್ತಿದ್ದರು, ಹೇಗೆ ಒಣಗಿಸುತ್ತಿದ್ದರು ಅಂತ ಕೇಳಿಟ್ಟುಕೊಂಡಿರಲಿಲ್ಲ. ಅದನ್ನು ಕಲಿಸಿದವರು ಎದುರು ಮನೆಯ ಅಜ್ಜಿ. ಅವರು ವಯಸ್ಸಿದ್ದಾಗ ಹೂವಿನ ತೋಟದಲ್ಲಿ ಕೆಲಸ ಮಾಡಿದವರು. ಮನೆಯಲ್ಲಿ ತೆಲುಗು, ಬೀದಿಯಲ್ಲಿ ಕನ್ನಡ.

ದವನ ನಮ್ಮ ಕಡೆ ಚಳಿಗಾಲದ ಗಿಡ. ಅಕ್ಟೋಬರ್ ಕೊನೆಗೋ ನವೆಂಬರ್‌ಗೋ ಬಿತ್ತಿದರೆ ಫೆಬ್ರವರಿ, ಮಾರ್ಚ್ ಹೊತ್ತಿಗೆ ಹೂವಿಗೆ ಬರುತ್ತದೆ. ಚೈತ್ರದ ಹುಣ್ಣಿಮೆಯನ್ನು ದವನದ ಹುಣ್ಣಿಮೆ ಅನ್ನುವುದು ಅದಕ್ಕೇ ಇರಬೇಕು. ಮಳೆಗಾಲದಲ್ಲಿ ಇದನ್ನು ಬೆಳೆಸಲು ಹೋದರೆ ಬುಡ ಕೊಳೆತು ಹೋಗುತ್ತದೆ. ಬೀಜ ಧೂಳಿನಷ್ಟು ಸಣ್ಣದು. ಆ ವರ್ಷದ್ದೇ ಆಗಬೇಕು, ಹಳೆಯದಾದರೆ ಹುಟ್ಟುವುದಿಲ್ಲ. ಅಜ್ಜಿ ಹೇಳಿದಂತೆ ಬೀಜವನ್ನು ಒದ್ದೆ ಬಟ್ಟೆಯಲ್ಲಿ ಕಟ್ಟಿ 48 ಗಂಟೆ ಇಟ್ಟೆ. ಆಮೇಲೆ ಸಣ್ಣ ಮರಳಿನ ಜೊತೆ ಬೆರೆಸಿ ಮಡಿಯ ಮೇಲೆ ಉದುರಿಸಿದೆ. ಮರಳು ಬೆರೆಸದಿದ್ದರೆ ಬೀಜವೆಲ್ಲ ಒಂದೇ ಕಡೆ ಗುಂಪಾಗಿ ಬೀಳುತ್ತದೆ. ಸಸಿ ಒಂದು ಬೆರಳುದ್ದ ಆಗುವವರೆಗೆ ಹೂಜಿಯಿಂದ ಮೆಲ್ಲಗೆ ನೀರು ಹನಿಸುವುದು, ಆಮೇಲೆ ಕಿತ್ತು ನಾಟಿ ಮಾಡುವುದು. ಪಕ್ಕದ ಮಡಿಯಲ್ಲಿ ಮರುಗ ಮೊದಲೇ ಇತ್ತು. ಮರುಗಕ್ಕೆ ಬೀಜ ಬೇಡ, ಕಡ್ಡಿ ಚುಚ್ಚಿದರೆ ಸಾಕು, ಹಿಡಿದುಕೊಳ್ಳುತ್ತದೆ.

ಕೊಯ್ಲಿನ ವಿಷಯದಲ್ಲಿ ಅಜ್ಜಿ ತುಂಬಾ ಕಟ್ಟುನಿಟ್ಟು. ಗಿಡ ಹಸಿರಾಗಿ ಚೆನ್ನಾಗಿ ಹರಡಿಕೊಂಡಿದ್ದಾಗ ನನಗೆ ಆಗಲೇ ಕೊಯ್ಯುವ ಆಸೆ. ಅವರು ಬಿಡಲಿಲ್ಲ.

"ಈಗ ಕುಯ್ದ್ರೆ ಬರೀ ಸೊಪ್ಪು ಸಿಗ್ತೈತಮ್ಮ. ಹೂವು ಬಿಡ್ಲಿ, ಇರು."

ಅದು ನಿಜ. ದವನದ ವಾಸನೆ ಅಂದರೆ ಅದರೊಳಗಿನ ಎಣ್ಣೆ. ಆ ಎಣ್ಣೆ ಗಿಡದಲ್ಲಿ ತುಂಬಿಕೊಳ್ಳುವುದು ಹೂ ಅರಳುವ ಸಮಯಕ್ಕೆ. ಸೆಂಟಿಗೆ ಬೇಕಾದ ದವನದ ಎಣ್ಣೆ ಇಳಿಸುವವರೂ ಆ ಹೊತ್ತಿಗೇ ಕೊಯ್ಯುತ್ತಾರೆ. ಹಳದಿ ಗುಂಡಿಯಂಥ ಸಣ್ಣ ಹೂಗಳು ಬಿಟ್ಟ ಮೇಲೆ ಒಂದು ಎಲೆ ಉಜ್ಜಿ ನೋಡಿದೆ. ಹಣ್ಣಿನ ಹಾಗೆ ಸಿಹಿ ವಾಸನೆ. ಎಳೆ ಗಿಡದಲ್ಲಿ ಅದು ಇರಲಿಲ್ಲ. ಬೆಳಗಿನ ಮಂಜು ಆರುವವರೆಗೆ ಕಾಯ್ದು, ಬಿಸಿಲು ಏರುವುದಕ್ಕೆ ಮುಂಚೆ ಕೊಯ್ದೆ. ಎಲೆ ಮೇಲೆ ನೀರಿದ್ದರೆ ಬೂಷ್ಟು ಬರುತ್ತದೆ. ಮಧ್ಯಾಹ್ನದ ಬಿಸಿಲಲ್ಲಿ ಕೊಯ್ದರೆ ಎಣ್ಣೆ ಗಾಳಿಗೆ ಹೋಗಿಬಿಟ್ಟಿರುತ್ತದೆ.

ಒಣಗಿಸುವುದು ನೆರಳಲ್ಲೇ ಆಗಬೇಕು. ಹಪ್ಪಳ ಸಂಡಿಗೆಗೆ ಕಟುಬಿಸಿಲು ಬೇಕಾಗಿ ಅಭ್ಯಾಸವಾದ ಕೈ ನಮ್ಮದು. ಏನನ್ನು ಒಣಗಿಸಬೇಕಾದರೂ ತಾರಸಿಗೆ ಹೊತ್ತುಕೊಂಡು ಹೋಗುತ್ತೇವೆ. ಸೊಪ್ಪಿಗೆ ಅದು ಆಗದು. ಬಿಸಿಲಿಗೆ ಹಾಕಿದ ದವನ ಅರ್ಧ ದಿನದಲ್ಲಿ ಗರಿಗರಿಯಾಗುತ್ತದೆ, ಹುಲ್ಲಿನ ವಾಸನೆ ಮಾತ್ರ ಉಳಿಯುತ್ತದೆ. ನಾನು ಹಿಡಿಗಾತ್ರದ ಕಟ್ಟು ಮಾಡಿ, ಮೆಟ್ಟಿಲ ಕೆಳಗಿನ ಜಾಗದಲ್ಲಿ ದಾರ ಕಟ್ಟಿ ತಲೆಕೆಳಗಾಗಿ ತೂಗುಹಾಕಿದೆ. ಅಲ್ಲಿ ಗಾಳಿ ಆಡುತ್ತದೆ, ಬಿಸಿಲು ಬರುವುದಿಲ್ಲ. ಕಟ್ಟು ದಪ್ಪ ಆಗಬಾರದು, ದಪ್ಪ ಆದರೆ ನಡುವೆ ತೇವ ಉಳಿಯುತ್ತದೆ. ಇನ್ನೊಂದು ಮಾತು. ಸೊಪ್ಪು ಒಣಗಿದಂತೆ ಕಡ್ಡಿ ಸಣ್ಣಗಾಗುತ್ತದೆ, ಕಟ್ಟಿದ ದಾರ ಸಡಿಲಾಗಿ ಕಡ್ಡಿಗಳು ಜಾರಿ ಬೀಳುತ್ತವೆ. ಹಾಗಾಗಿ ದಾರದ ಬದಲು ರಬ್ಬರ್ ಬ್ಯಾಂಡ್ ಹಾಕಿದ್ದೆ. ಕಡ್ಡಿ ಮುರಿದಾಗ ಚಟ್ ಅಂತ ಸದ್ದು ಬಂದರೆ ಒಣಗಿದೆ ಅಂತ ಅರ್ಥ. ಬಾಗಿದರೆ ಇನ್ನೂ ಇಲ್ಲ.

ಮರುಗ ಬೇಗ ಒಣಗಿತು. ತುಳಸಿಯನ್ನೂ ಒಂದಿಷ್ಟು ಕಟ್ಟಿ ಹಾಕಿದ್ದೆ. ಒಣಗಿದ ಮೇಲೆ ಅದರಲ್ಲಿ ಲವಂಗದ ವಾಸನೆ ತೆಳ್ಳಗೆ ಉಳಿಯುತ್ತದೆ. ಲವಂಗದಲ್ಲಿರುವ ಯೂಜಿನಾಲ್ ತುಳಸಿಯಲ್ಲೂ ಇದೆ, ಅದಕ್ಕೇ. ಆದರೆ ಬೀರುವಿಗೆ ಅದು ಸಾಲದು. ತುಳಸಿ ಕಷಾಯಕ್ಕೇ ಸರಿ ಅನ್ನುವುದು ನನ್ನ ಅಭಿಪ್ರಾಯ. ದೊಡ್ಡಪತ್ರೆಯನ್ನು ಒಣಗಿಸಲು ಹೋಗಲೇಬೇಡಿ. ಎಲೆ ತುಂಬಾ ನೀರು. ಓಮಕಾಳಿನಂಥ ಅದರ ಘಾಟು ಹಸಿಯಲ್ಲೇ ಚೆಂದ. ತಂಬುಳಿ ಮಾಡಿ, ಬಜ್ಜಿ ಮಾಡಿ.

ಈಗ ಲಾವಂಚದ ವಿಷಯಕ್ಕೆ ಬರುತ್ತೇನೆ. ಇಡೀ ಕೆಲಸದಲ್ಲಿ ನನಗೆ ಜಾಸ್ತಿ ಖುಷಿ ಕೊಟ್ಟದ್ದು ಇದೇ. ಮಡಕೆ ನೀರಿಗೆ ಹಾಕಬಹುದು ಅಂತ ಹಿಂದಿನ ವರ್ಷದ ಮಳೆಗಾಲಕ್ಕೆ ಮುಂಚೆಯೇ ತಾರಸಿಯಲ್ಲಿ ಖಾಲಿ ಗೊಬ್ಬರದ ಚೀಲಗಳಲ್ಲಿ ನೆಟ್ಟಿದ್ದೆ. ಲಾವಂಚದ ಬೇರು ಪಕ್ಕಕ್ಕೆ ಹರಡುವುದಿಲ್ಲ, ನೇರ ಕೆಳಗೆ ಇಳಿಯುತ್ತದೆ. ಹೊಲದಲ್ಲಾದರೆ 3 ಮೀಟರ್‌ವರೆಗೂ ಹೋಗುತ್ತದೆ. ಮಣ್ಣು ಕೊಚ್ಚಿ ಹೋಗದ ಹಾಗೆ ಬದುವಿನ ಮೇಲೆ ಇದನ್ನು ನೆಡುವುದು ಅದಕ್ಕೇ. ಆದರೆ ನಮ್ಮ ಕೆಂಪು ಮಣ್ಣಲ್ಲಿ ಅಷ್ಟು ಆಳ ಅಗೆದು ಬೇರು ತೆಗೆಯುವುದು ಯಾರ ಕೈಲಿ ಆಗುತ್ತದೆ? ಅರ್ಧ ಬೇರು ನೆಲದಲ್ಲೇ ಉಳಿಯುತ್ತದೆ. ಚೀಲದಲ್ಲಿ ಆ ಕಷ್ಟ ಇಲ್ಲ. ಉದ್ದ ಚೀಲ ಆರಿಸಿ, ಮರಳು ಜಾಸ್ತಿ ಹಾಕಿ, ಅದಕ್ಕೆ ಮಣ್ಣು, ಕೊಟ್ಟಿಗೆ ಗೊಬ್ಬರ ಬೆರೆಸಿ ತುಂಬಿದ್ದೆ. ನಮ್ಮ ಬೋರ್‌ವೆಲ್ ನೀರು ಗಡಸು, ಪಾತ್ರೆಯಲ್ಲೆಲ್ಲ ಬಿಳಿ ಕಲೆ ಕಟ್ಟುತ್ತದೆ. ಲಾವಂಚ ಅದಕ್ಕೂ ಜಗ್ಗಲಿಲ್ಲ.

ಕೀಳುವ ಹೊತ್ತಿಗೆ ಒಂದೂವರೆ ವರ್ಷ ದಾಟಿತ್ತು. ಫೆಬ್ರವರಿಯ ಒಣ ಹವೆ, ದವನ ಕೊಯ್ಯುವ ದಿನಗಳೇ. ಮೊದಲು ಮೇಲಿನ ಗರಿಯನ್ನು ಮೊಣಕಾಲುದ್ದಕ್ಕೆ ಕತ್ತರಿಸಿದೆ. ಗರಿಯಲ್ಲಿ ವಾಸನೆ ಇಲ್ಲ, ಅದು ಗಿಡಗಳ ಬುಡಕ್ಕೆ ಹೊದಿಕೆಯಾಯಿತು. ಆಮೇಲೆ ಚೀಲವನ್ನು ಮೇಲಿಂದ ಕೆಳಗೆ ಉದ್ದಕ್ಕೆ ಸೀಳಿದೆ. ಒಳಗೆ ಮಣ್ಣು ಕಾಣಲೇ ಇಲ್ಲ, ಬರೀ ಬೇರು. ತೆಂಗಿನ ಬುಡಕ್ಕೆ ಒಯ್ದು ಪೈಪಿನಿಂದ ನೀರು ಬಿಟ್ಟು ಮರಳೆಲ್ಲ ತೊಳೆದೆ. ಚಿಕ್ಕಬಳ್ಳಾಪುರದಲ್ಲಿ ನೀರು ಸುಮ್ನೆ ಚೆಲ್ಲುವ ಹಾಗಿಲ್ಲ, ತೊಳೆದ ನೀರು ತೆಂಗಿಗೆ ಹೋಯಿತು. ಮಣ್ಣು ಬಿಟ್ಟ ಹಾಗೆಲ್ಲ ಬೇಸಿಗೆಯ ಮೊದಲ ಮಳೆಗೆ ನೆಲದಿಂದ ಏಳುವ ಘಮ ಬರತೊಡಗಿತು. ತಾರಸಿ ಮೇಲಿದ್ದ ಯಜಮಾನರು "ಮಳೆ ಬಂತಾ?" ಅಂತ ಬಗ್ಗಿ ನೋಡಿದರು.

ಬೇರನ್ನೂ ನೆರಳಲ್ಲೇ ಒಣಗಿಸಿದೆ, ಗೋಣಿತಾಟಿನ ಮೇಲೆ ಹರಡಿ. ಲಾವಂಚದ ಎಣ್ಣೆ ದವನದ್ದರಂತೆ ಬೇಗ ಹಾರುವುದಿಲ್ಲ. ಅದು ಗಟ್ಟಿ, ನಿಧಾನ. ಇದರಿಂದ ಎರಡು ಲಾಭ. ಒಂದು, ಒಣಗಿದ ಬೇರು ವರ್ಷಗಟ್ಟಲೆ ವಾಸನೆ ಕಳೆದುಕೊಳ್ಳುವುದಿಲ್ಲ, ನೀರು ಚಿಮುಕಿಸಿದರೆ ಮತ್ತೆ ಏಳುತ್ತದೆ. ಇನ್ನೊಂದು, ಬೇರೆ ಸೊಪ್ಪಿನ ಜೊತೆ ಸೇರಿಸಿದರೆ ಅವುಗಳ ವಾಸನೆಯನ್ನೂ ಹಿಡಿದಿಟ್ಟುಕೊಳ್ಳುತ್ತದೆ. ಸೆಂಟು ಮಾಡುವವರು ಲಾವಂಚದ ಎಣ್ಣೆಯನ್ನು ಕೊನೆವರೆಗೆ ಉಳಿಯುವ ತಳದ ವಾಸನೆಗೆ ಬಳಸುವುದು ಇದೇ ಗುಣಕ್ಕೆ.

ಪೊಟ್ಟಣದ ಮಿಶ್ರಣ ಹೀಗೆ ಮಾಡಿದೆ. ಒಣ ದವನ 2 ಹಿಡಿ, ಮರುಗ 1 ಹಿಡಿ, ಅರ್ಧ ಇಂಚಿಗೆ ಕತ್ತರಿಸಿದ ಲಾವಂಚ 1 ಹಿಡಿ, ಜೊತೆಗೆ ನಾಲ್ಕೈದು ಲವಂಗ ಜಜ್ಜಿದ್ದು. ದವನ, ಮರುಗವನ್ನು ಪುಡಿ ಮಾಡಬಾರದು. ಪುಡಿಯಾದರೆ ಬಟ್ಟೆಯಿಂದ ಸೋರುತ್ತದೆ, ವಾಸನೆಯೂ ಬೇಗ ಮುಗಿಯುತ್ತದೆ. ಎಲ್ಲವನ್ನೂ ಬೆರೆಸಿ ಸ್ಟೀಲ್ ಡಬ್ಬಿಯಲ್ಲಿ ಬಿಗಿಯಾಗಿ ಮುಚ್ಚಿ ಕತ್ತಲೆಯಲ್ಲಿಟ್ಟೆ. ಆಗಾಗ ಅಲ್ಲಾಡಿಸುತ್ತಿದ್ದೆ. ಮೊದಲು ಮೂರು ನಾಲ್ಕು ವಾಸನೆ ಬೇರೆ ಬೇರೆಯಾಗಿ ಗೊತ್ತಾಗುತ್ತಿತ್ತು. ಎರಡು ವಾರ ಕಳೆದ ಮೇಲೆ ಡಬ್ಬಿ ತೆಗೆದರೆ ಒಂದೇ ವಾಸನೆ. ಈ ಕಾಯುವಿಕೆಯನ್ನು ಬಿಡಬೇಡಿ. ಪೊಟ್ಟಣದ ಗುಣ ಇದರಲ್ಲೇ ಇದೆ.

ಬಟ್ಟೆಗೆ ಯಜಮಾನರ ಹಳೆ ಪಂಚೆ ಹರಿದೆ. ಒಗೆದು ಒಗೆದು ಮೆತ್ತಗಾದ ಹತ್ತಿ, ಗಾಳಿ ಆಡುತ್ತದೆ. ಅಂಗೈಯಗಲ ಹೊಲಿದು ಮುಕ್ಕಾಲು ಭಾಗ ತುಂಬಿದೆ. ಬಾಯಿ ಕಟ್ಟುವುದಕ್ಕೆ ಬಣ್ಣದ ದಾರ ಬೇಕಿತ್ತು. ಅಂಗಡಿಯಿಂದ ತರಬಹುದಿತ್ತು. ಆದರೆ ಪಕ್ಕದಲ್ಲೇ ಶಿಡ್ಲಘಟ್ಟ ಇದೆ. ಅಲ್ಲಿನ ರೇಷ್ಮೆ ಗೂಡಿನ ಮಾರುಕಟ್ಟೆ ನಾಡಿಗೇ ಗೊತ್ತು. ನೂಲು ಬಿಚ್ಚಾಣಿಕೆ ಮಾಡುವ ಪರಿಚಯದವರು ಎರಡು ಸಣ್ಣ ಲಡಿ ರೇಷ್ಮೆ ಕೊಟ್ಟಿದ್ದರು. ಹಿತ್ತಲಲ್ಲಿ ಗೋರಂಟಿ ಇತ್ತು, ಚೆಂಡು ಹೂವೂ ಇತ್ತು. ದಾರಕ್ಕೆ ಮನೆಯಲ್ಲೇ ಬಣ್ಣ ಹಾಕೋಣ ಅಂತ ಹೊರಟೆ.

ಹಸಿ ರೇಷ್ಮೆ ಮುಟ್ಟಿದರೆ ಒರಟು. ಅದರ ತೂಕದಲ್ಲಿ ಹತ್ತಿರ ಹತ್ತಿರ ಕಾಲು ಭಾಗ ಸೆರಿಸಿನ್ ಅನ್ನುವ ಅಂಟು. ಮೊದಲು ಸೋಪಿನ ಬಿಸಿನೀರಲ್ಲಿ ಕಾಯಿಸಿ ಅದನ್ನು ಬಿಡಿಸಬೇಕು. ಅಂಟು ಹೋದ ಮೇಲೆ ನೂಲು ಮಿಂಚುತ್ತದೆ, ಕೈಯಲ್ಲಿ ಜಾರುತ್ತದೆ. ಆಮೇಲೆ ಪಟಿಕ. ಬಣ್ಣ ನೂಲಿಗೆ ಕಚ್ಚಿಕೊಳ್ಳುವುದು ಪಟಿಕದಿಂದ. ಅದಿಲ್ಲದಿದ್ದರೆ ಚೆಂಡು ಹೂವಿನ ಬಣ್ಣ ಒಗೆದಾಗ ನೀರಿಗೆ ಹೋಗುತ್ತದೆ. 100 ಗ್ರಾಂ ನೂಲಿಗೆ 10ರಿಂದ 15 ಗ್ರಾಂ ಪಟಿಕದ ಲೆಕ್ಕ. ನನ್ನ ಲಡಿ ಸಣ್ಣದು, ಅದೇ ಲೆಕ್ಕದಲ್ಲಿ ಇಳಿಸಿಕೊಂಡೆ. ಉಗುರುಬೆಚ್ಚಗಿನ ನೀರಲ್ಲಿ ಕರಗಿಸಿ ನೂಲನ್ನು ರಾತ್ರಿಯಿಡೀ ನೆನೆಹಾಕಿದೆ. ಬಣ್ಣದ ಕೆಲಸಕ್ಕೆ ಬೋರ್ ನೀರು ಮುಟ್ಟಿಸಲಿಲ್ಲ. ಡ್ರಮ್ಮಿನಲ್ಲಿ ಹಿಡಿದಿಟ್ಟ ಮಳೆನೀರು ಬಳಸಿದೆ. ನೀರಲ್ಲಿ ಕಬ್ಬಿಣದ ಅಂಶ ಇದ್ದರೆ ಹಳದಿ ಮಂಕಾಗುತ್ತದೆ.

ಚೆಂಡು ಹೂವಿಗೇನೂ ಬರ ಇಲ್ಲ ನಮ್ಮೂರಲ್ಲಿ. ಹಬ್ಬ ಮುಗಿದ ಮಾರನೇ ದಿನ ಬೆಲೆ ಬಿದ್ದು, ಹೂವನ್ನು ರಸ್ತೆ ಬದಿಗೆ ಸುರಿದು ಹೋಗುವ ರೈತರನ್ನು ನೋಡಿದ್ದೇನೆ. ಹೊಟ್ಟೆ ಉರಿಯುತ್ತದೆ. ಅಷ್ಟು ಹೂವನ್ನು ಒಣಗಿಸಿಟ್ಟುಕೊಂಡರೆ ಒಂದು ಬೀದಿಯ ಹೆಂಗಸರು ವರ್ಷವಿಡೀ ಬಣ್ಣ ಹಾಕಬಹುದು. ನೂಲಿನಷ್ಟೇ ತೂಕದ ಒಣ ಪಕಳೆ ತೆಗೆದುಕೊಂಡು ಸ್ಟೀಲ್ ಪಾತ್ರೆಯಲ್ಲಿ ಕುದಿಸಿ ಸೋಸಿದೆ. ಕಬ್ಬಿಣದ್ದು, ಅಲ್ಯೂಮಿನಿಯಮ್‌ನದು ಬೇಡ, ಬಣ್ಣ ಬದಲಾಗುತ್ತದೆ. ನೂಲು ಹಾಕಿದ ಮೇಲೆ ಕುದಿಸಬಾರದು. ಕುದಿದರೆ ರೇಷ್ಮೆ ಹೊಳಪು ಕಳೆದುಕೊಳ್ಳುತ್ತದೆ. ಅಂಚಿನಲ್ಲಿ ಸಣ್ಣ ಗುಳ್ಳೆ ಕಾಣುವಷ್ಟು ಬಿಸಿಯಲ್ಲಿಟ್ಟು ಮುಕ್ಕಾಲು ಗಂಟೆ ತಿರುವಿದೆ. ಹಾಗೇ ತಣಿಯಲು ಬಿಟ್ಟೆ. ಬಂದದ್ದು ಅಪ್ಪಟ ಅರಿಶಿನದ ಬಣ್ಣ.

ಅರ್ಧ ಲಡಿಯನ್ನು ತುಕ್ಕುನೀರಿನಲ್ಲಿ ಅದ್ದಿ ನೋಡಿದೆ. ಶ್ರೀಕಾಳಹಸ್ತಿಯ ಕಲಂಕಾರಿಯವರು ಕಪ್ಪು ಗೆರೆಗೆ ತುಕ್ಕು ಕಬ್ಬಿಣವನ್ನು ಬೆಲ್ಲದ ನೀರಲ್ಲಿ ಕೊಳೆಸಿ ಬಳಸುತ್ತಾರೆ. ನಾನೂ ಹಳೆ ಮೊಳೆಗಳನ್ನು ಬೆಲ್ಲದ ನೀರಲ್ಲಿ ಹಾಕಿಟ್ಟಿದ್ದೆ. ಒಂದು ಬೋಗುಣಿ ನೀರಿಗೆ ಕೆಲವೇ ಹನಿ. ಕಣ್ಣೆದುರಿಗೇ ಹಳದಿ ನೂಲು ಹಣ್ಣೆಲೆ ಹಸಿರಿಗೆ ತಿರುಗಿತು. ಜಾಸ್ತಿ ಹಾಕಬಾರದು, ಕಬ್ಬಿಣ ರೇಷ್ಮೆಯನ್ನು ತಿನ್ನುತ್ತದೆ. ಗೋರಂಟಿ ಸೊಪ್ಪನ್ನೂ ಇದೇ ರೀತಿ ಕಾಯಿಸಿ ಇನ್ನೊಂದು ಲಡಿಗೆ ಹಾಕಿದೆ. ಕಂದು ಬಂತು. ಅಂಗೈಗೆ, ಕೂದಲಿಗೆ ಹತ್ತುವ ಬಣ್ಣ ರೇಷ್ಮೆಗೂ ಹತ್ತುತ್ತದೆ, ಮೂರೂ ಪ್ರೋಟೀನ್ ವಸ್ತುಗಳೇ. ಹತ್ತಿಗೆ ಅಷ್ಟು ಚೆನ್ನಾಗಿ ಹಿಡಿಯುವುದಿಲ್ಲ. ಕೊನೆಗೆ ಎಲ್ಲವನ್ನೂ ಅಂಟುವಾಳದ ನೊರೆಯಲ್ಲಿ ಜಾಲಾಡಿ ನೆರಳಲ್ಲಿ ಒಣಗಿಸಿದೆ. ಮೂರು ಬಣ್ಣ ಹೆಣೆದು ಪೊಟ್ಟಣಗಳ ಬಾಯಿ ಕಟ್ಟಿದಾಗ ಮಗಳು, "ಅಮ್ಮ, ಇದನ್ನ ಬೀರು ಒಳಗೆ ಬಚ್ಚಿಡ್ತೀಯಾ?" ಅಂತ ಕೇಳಿದಳು. ಎರಡನ್ನು ಅವಳಿಗೇ ಬಿಟ್ಟೆ.

ಬೀರುವಿಗೆ ಇಡುವ ಮುಂಚಿನ ಕೆಲಸ ಮುಖ್ಯ. ಸೊಪ್ಪಿನ ವಾಸನೆ ಹೊಸ ಹುಳ ಬರದಂತೆ ತಡೆಯಲು ಸಹಾಯ ಮಾಡೀತು. ಒಳಗೆ ಆಗಲೇ ಇರುವ ಹುಳವನ್ನು, ಮೊಟ್ಟೆಯನ್ನು ಅದು ಕೊಲ್ಲುವುದಿಲ್ಲ. ಹಾಗಾಗಿ ಎಲ್ಲ ಸೀರೆ ಹೊರತೆಗೆದು, ತಟ್ಟಿ, ಗಾಳಿಗೆ ಹರಡಿ, ಎಳೆ ಬಿಸಿಲು ತೋರಿಸಿದೆ. ಬೀರುವಿನ ಸಂದುಗಳನ್ನು ಒರೆಸಿ ಬಾಗಿಲು ತೆರೆದೇ ಬಿಟ್ಟೆ. ಹಳೆ ಮಡಿಕೆಯಲ್ಲೇ ಮಡಿಚಿದರೆ ಜರಿ ಅಲ್ಲೇ ಮುರಿಯುತ್ತದೆ, ಮಡಿಕೆ ಬದಲಾಯಿಸಿದೆ. ಒಂದೊಂದು ಸೀರೆಯನ್ನೂ ಬಿಳಿ ಹತ್ತಿ ಬಟ್ಟೆಯಲ್ಲಿ ಸುತ್ತಿ ಪೊಟ್ಟಣವನ್ನು ಅದರ ಹೊರಗೆ ಇಟ್ಟೆ. ಸೊಪ್ಪಿನ ಎಣ್ಣೆ ಜರಿಗೆ ತಗುಲಬಾರದು. ಮಗುವಿನ ಬಟ್ಟೆಯ ಹತ್ತಿರ ಯಾವ ಪೊಟ್ಟಣವನ್ನೂ ಇಡಲಿಲ್ಲ. ಅವಕ್ಕೆ ಒಗೆತ, ಬಿಸಿಲು, ಇಸ್ತ್ರಿ, ಅಷ್ಟೇ.

ಮಳೆಗಾಲದಲ್ಲಿ ತೆರೆದು ನೋಡಿದಾಗ ಸೀರೆಗಳು ಚೆನ್ನಾಗಿದ್ದವು. ದವನದ ವಾಸನೆ ತಗ್ಗಿತ್ತು. ಪೊಟ್ಟಣವನ್ನು ಕೈಯಲ್ಲಿ ಹಿಸುಕಿದರೆ ಮತ್ತೆ ಬಂತು. ಮೂರು ನಾಲ್ಕು ತಿಂಗಳಿಗೊಮ್ಮೆ ಹೀಗೆ ಹಿಸುಕಬೇಕು, ವರ್ಷಕ್ಕೊಮ್ಮೆ ದವನ ಮತ್ತು ಮರುಗವನ್ನು ಹೊಸದು ಹಾಕಬೇಕು. ಲಾವಂಚ ಹಳೆಯದೇ ನಡೆಯುತ್ತದೆ.

ಉಳಿದ ಲಾವಂಚದಲ್ಲಿ ಒಂದು ಹಿಡಿಯನ್ನು ಬಟ್ಟೆಯಲ್ಲಿ ಕಟ್ಟಿ ಕುಡಿಯುವ ಮಡಕೆಗೆ ಹಾಕಿದೆ. ಎರಡು ದಿನಕ್ಕೊಮ್ಮೆ ತೆಗೆದು ತೊಳೆದು ಒಣಗಿಸಬೇಕು, ಇಲ್ಲದಿದ್ದರೆ ಲೋಳೆ ಕಟ್ಟುತ್ತದೆ. ಆದರೆ ನನಗೆ ಅದಕ್ಕಿಂತ ಇಷ್ಟವಾದದ್ದು ಮಡಕೆಯ ಕೆಳಗೆ ಹಾಕುವ ಚಾಪೆ. ಹಳೆ ಫೋಟೋ ಚೌಕಟ್ಟಿನ ಎರಡು ಕಡೆ ಮೊಳೆ ಹೊಡೆದು ಹತ್ತಿ ಹುರಿಯನ್ನು ಜೋಡಿ ಜೋಡಿಯಾಗಿ ಬಿಗಿದೆ. ಬೇರನ್ನು ನೀರಲ್ಲಿ ನೆನೆಸಿ ಮೆತ್ತಗಾದ ಮೇಲೆ, ಕಿರುಬೆರಳು ದಪ್ಪದ ಕಟ್ಟು ಮಾಡಿ ಹುರಿಗಳ ನಡುವೆ ತೂರಿಸುವುದು. ಒಂದು ಸಾಲು ಕೂರಿಸಿ ಜೋಡಿ ಹುರಿಯನ್ನು ಒಂದು ಸುತ್ತು ತಿರುಚುವುದು, ಆಮೇಲೆ ಮುಂದಿನ ಸಾಲು. ಒಣಗಿದ ಬೇರು ಬಾಗುವುದಿಲ್ಲ, ಮುರಿಯುತ್ತದೆ. ಹಾಗಾಗಿ ಪಕ್ಕದಲ್ಲಿ ಒದ್ದೆ ಬಟ್ಟೆ ಇಟ್ಟುಕೊಂಡೇ ನೇಯಬೇಕು. ಪ್ರತಿ ಸಾಲನ್ನೂ ಬಾಚಣಿಗೆಯಿಂದ ಒತ್ತಿ ಕೂರಿಸಿದೆ. ಚಾಪೆ ಸಣ್ಣದು, ಊಟದ ತಟ್ಟೆಯಗಲ. ಮಡಕೆ ಬೆವರಿದಾಗ ಇಳಿದ ನೀರು ಚಾಪೆಯನ್ನು ತೋಯಿಸುತ್ತದೆ, ಅಡುಗೆಮನೆ ತುಂಬಾ ಘಮ. ಎರಡು ಚಾಪೆ ಇದ್ದರೆ ಒಂದನ್ನು ಒಣಗಿಸಿ ಒಂದನ್ನು ಹಾಕಬಹುದು. ತೇವದಲ್ಲೇ ಬಿಟ್ಟರೆ ಬೂಷ್ಟು ಹಿಡಿಯುತ್ತದೆ.

ಮಜ್ಜಿಗೆ ಹುಲ್ಲನ್ನು ಮುಚ್ಚಳ ಮುಚ್ಚಿ ಕುದಿಸಿ, ಆ ನೀರಲ್ಲಿ ನೆಲ ಒರೆಸುತ್ತೇನೆ. ನಿಂಬೆಯ ವಾಸನೆ ಒಂದು ಹೊತ್ತು ಇರುತ್ತದೆ. ಇದರಿಂದ ಸೊಳ್ಳೆ ಹೋಗುತ್ತದೆ ಅಂತ ನಂಬಿ ಕೂರಬೇಡಿ. ಸೊಳ್ಳೆಗೆ ಹೆಸರಾದ ಸಿಟ್ರೊನೆಲ್ಲಾ ಎಣ್ಣೆ ಇದೇ ಬಳಗದ ಬೇರೆ ಹುಲ್ಲಿನದು. ಮಗುವಿಗೆ ಸೊಳ್ಳೆ ಪರದೆಯೇ ಸರಿ. ಅವರೆಕಾಳು, ರಾಗಿ ಡಬ್ಬಕ್ಕೆ ಒಣಗಿದ ಬೇವು, ಲಕ್ಕಿ ಸೊಪ್ಪು ಹಾಕುವುದು ನಮ್ಮ ಕಡೆ ಮೊದಲಿಂದಲೂ ಇದೆ. ಅಲ್ಲೂ ಕಾಳು ಚೆನ್ನಾಗಿ ಒಣಗಿರಬೇಕು, ಸೊಪ್ಪೂ ಒಣಗಿರಬೇಕು.

ಬೇರು ಕತ್ತರಿಸಿಕೊಂಡ ಮೇಲೆ ಉಳಿದ ಲಾವಂಚದ ಬುಡಗಳನ್ನು ಎಸೆಯಲಿಲ್ಲ. ಮೇಲೆ ಒಂದು ಗೇಣು ಗರಿ, ಕೆಳಗೆ ಎರಡು ಬೆರಳು ಬೇರು ಉಳಿಸಿ, ಬಿಡಿಸಿ, ನೆರಳಲ್ಲಿ ಒದ್ದೆ ಗೋಣಿಯಲ್ಲಿ ಸುತ್ತಿಟ್ಟೆ. ಒಂದೊಂದು ಬುಡದಲ್ಲೂ ಬೇಕಾದಷ್ಟು ಕಂದು, ಅಂದರೆ ನೆಡುವ ಮರಿ, ಸಿಗುತ್ತದೆ. ಬೀದಿಯಲ್ಲಿ ಕೇಳಿದವರಿಗೆಲ್ಲ ಕೊಟ್ಟೆ. ಅಜ್ಜಿಯೂ ಎರಡು ತೆಗೆದುಕೊಂಡರು. "ನಂಗೆ ಚೀಲ ಬೇಡಮ್ಮ, ಬಚ್ಚಲ ನೀರು ಹೋಗೋ ಕಡೆ ನೆಡ್ತೀನಿ" ಅಂದರು. ಬೇರು ಬೇಕಿದ್ದವರು ಮಾತ್ರ ಮರಳು ಜಾಸ್ತಿ ಹಾಕಿದ ಉದ್ದ ಚೀಲದಲ್ಲೇ ನೆಡಬೇಕು, ಒಂದೂವರೆ ವರ್ಷ ಅದನ್ನು ಅಲುಗಿಸಬಾರದು. ಎಳೆ ಬೇರು ಬೆಳ್ಳಗೆ, ತೆಳ್ಳಗೆ ಇರುತ್ತದೆ, ಅದರಲ್ಲಿ ಎಣ್ಣೆ ಇನ್ನೂ ತುಂಬಿರುವುದಿಲ್ಲ.